ಹೆಸರಿನ ಫಲಕ ಸಾಲದು, ಓದುವ ಕಣ್ಣು ಬೇಕು
(ಕಾಸರಗೋಡಿನ ಕನ್ನಡ ಓದುಗರ ಮುಂದೆ ಮಾಡಿದ ಭಾಷಣದ ಪಠ್ಯ)



ಊರಿನ ಹಿರಿಯರೊಬ್ಬರು ತೀರಿಕೊಂಡರೆ ನಾವು ಮಾಡುವುದೇನು? ಒಂದು ಸಂತಾಪ ಸಭೆ, ಒಂದು ಫೋಟೋ, ಒಂದು ಹಾರ. ಹೆಚ್ಚೆಂದರೆ ಒಂದು ವೃತ್ತಕ್ಕೆ ಅವರ ಹೆಸರು. ಮರುವರ್ಷ ಆ ಫಲಕದ ಮೇಲೆ ಸಿನಿಮಾ ಪೋಸ್ಟರು! ಇದೇ ನಮ್ಮ ಅಭಿಮಾನವೇ?

ಇಂದು ನಿಮಗೊಂದು ಗ್ರಂಥಾಲಯದ ಕಥೆ ಹೇಳುತ್ತೇನೆ. ಅದು ಮಲಯಾಳಿಗಳ ಗ್ರಂಥಾಲಯ. ಸಿಟ್ಟಾಗಬೇಡಿ, ಪೂರ್ತಿ ಕೇಳಿ.

ಆಲಪ್ಪುಳ ಜಿಲ್ಲೆಯಲ್ಲಿ ಅಂಬಲಪ್ಪುಳ ಎಂಬ ಊರಿದೆ. ಆ ಊರಿನವರೇ ಆದ ಸಾಹಿತಿ, ವಿಮರ್ಶಕ ಪಿ. ಕೆ. ನಾರಾಯಣ ಪಿಳ್ಳೆಯವರು 1938ರಲ್ಲಿ ತೀರಿಕೊಂಡರು. ಅವರ ನೆನಪಿನಲ್ಲಿ ಅಲ್ಲೊಂದು ಗ್ರಂಥಾಲಯವಾಯಿತು. ಪಿ. ಎನ್. ಪಣಿಕ್ಕರ್ ಎಂಬ ಶಾಲಾ ಮಾಸ್ತರರು 1945ರಲ್ಲಿ ಸುತ್ತಲಿನ ಸಂಸ್ಥಾನದ 47 ಗ್ರಂಥಾಲಯಗಳ ಪ್ರತಿನಿಧಿಗಳನ್ನು ಅದೇ ಸ್ಮಾರಕದಲ್ಲಿ ಸೇರಿಸಿದರು. ತಿರುವಾಂಕೂರು ಗ್ರಂಥಾಲಯ ಸಂಘ ಹುಟ್ಟಿದ್ದು ಹಾಗೆ. ಆ ಮಾಸ್ತರರು ಊರೂರು ತಿರುಗಿದರು, ಪುಸ್ತಕ ಬೇಡಿದರು, ಓದಲು ಬಾರದವರಿಗೆ ಅಕ್ಷರ ಕಲಿಸಿದರು. ಇಂದು ಕೇರಳದಲ್ಲಿ ಅಂಥ ಗ್ರಂಥಾಲಯಗಳು ಸಾವಿರಾರು. ಪಣಿಕ್ಕರ್ ತೀರಿಕೊಂಡ ಜೂನ್ 19 ಅಲ್ಲಿ ಓದುವ ದಿನ. ಒಬ್ಬ ಸಾಹಿತಿಯ ಹೆಸರಿನ ಮನೆಯಿಂದ ಇಡೀ ನಾಡಿನ ಓದು ಚಿಗುರಿತು!

ಈಗ ನಮ್ಮ ಮನೆಯ ಕಡೆ ನೋಡೋಣ. ಮಂಜೇಶ್ವರದ ಗೋವಿಂದ ಪೈಗಳನ್ನು ನೆನೆಯದ ಕನ್ನಡಿಗರುಂಟೇ? ಮನೆಮಾತು ಕೊಂಕಣಿ, ಬದುಕು ಕನ್ನಡ. 1949ರಲ್ಲಿ ಮದರಾಸು ಸರ್ಕಾರ ಅವರನ್ನು ರಾಷ್ಟ್ರಕವಿ ಎಂದು ಕರೆಯಿತು. 1956ರ ನವೆಂಬರ್ 1ರಂದು ಅವರು ಬಾಳಿದ ನೆಲವೇ ಕೇರಳಕ್ಕೆ ಸೇರಿಹೋಯಿತು. ಆ ನೋವಿನಲ್ಲೇ ಅವರು 1963ರಲ್ಲಿ ಕಣ್ಣು ಮುಚ್ಚಿದರು. ಅವರ ಪುಸ್ತಕ ಭಂಡಾರ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಬಂತು. ಅವರ ಹೆಸರಿನ ಸಂಶೋಧನ ಕೇಂದ್ರ ಅಲ್ಲಿ ಬೆಳೆಯಿತು. ಆರು ಸಂಪುಟಗಳ ತುಳು ನಿಘಂಟು ಹೊರಬಂದದ್ದು ಆ ಕೇಂದ್ರದಿಂದ. ಪುಸ್ತಕಗಳಿಗೆ ಬೀಗ ಹಾಕಿ ಕೂರಿಸಿದ್ದರೆ ಅಂಥ ಕೆಲಸ ಆಗುತ್ತಿತ್ತೇ? ಮಂಜೇಶ್ವರದ ಅವರ ಮನೆಯೂ ಇಂದು ‘ಗಿಳಿವಿಂಡು’ ಎಂಬ ಸ್ಮಾರಕವಾಗಿದೆ. ಸಂತೋಷ. ಆದರೆ ಮಾರ್ಚ್ 23ರ ಹುಟ್ಟುಹಬ್ಬಕ್ಕೆ ಹಾರ ಹಾಕಿ ಬಂದವರಲ್ಲಿ, ಆ ವರ್ಷ ಒಂದಾದರೂ ಕನ್ನಡ ಪುಸ್ತಕ ಓದಿ ಮುಗಿಸಿದವರು ಎಷ್ಟು ಮಂದಿ?

ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಲಿ ಎಂದಿತು. ವರದಿ ಕಪಾಟಿನಲ್ಲಿ ಉಳಿಯಿತು. ಗಡಿಯ ಗೆರೆ ನಮ್ಮ ಕೈಯಲ್ಲಿಲ್ಲ, ಸರಿ. ನಮ್ಮೂರ ಗ್ರಂಥಾಲಯದ ಕಪಾಟೂ ನಮ್ಮ ಕೈಯಲ್ಲಿಲ್ಲವೇ?

ಅದಕ್ಕೇ ಹೇಳುತ್ತೇನೆ. ನಿಮ್ಮ ಹಳ್ಳಿಯ ಗ್ರಂಥಾಲಯಕ್ಕೆ ನಾಳೆಯೇ ಸದಸ್ಯರಾಗಿ. ಆಡಳಿತ ಸಮಿತಿಯನ್ನು ಆರಿಸುವವರು ಸದಸ್ಯರೇ, ಆ ಹಕ್ಕು ಬಿಡಬೇಡಿ. ಕನ್ನಡ ದಿನಪತ್ರಿಕೆ ತರಿಸಿ ಎಂದು ಬರೆದು ಕೊಡಿ. ಕನ್ನಡ ಪುಸ್ತಕ ಕೊಳ್ಳಿ ಎಂದು ಸಭೆಯಲ್ಲಿ ಎದ್ದು ನಿಂತು ಕೇಳಿ. ಕೊಂಡ ಮೇಲೆ ಮನೆಗೆ ಒಯ್ದು ಓದಿ, ಮಕ್ಕಳ ಕೈಗೂ ಕೊಡಿ. ಯಾರೂ ಮುಟ್ಟದ ಪುಸ್ತಕ ತೋರಿಸಿ ‘ಕನ್ನಡ ಓದುವವರೇ ಇಲ್ಲ’ ಎಂದು ನಾಳೆ ಅವರು ಹೇಳಿದರೆ, ನಾವು ಯಾವ ಬಾಯಿಂದ ಉತ್ತರ ಕೊಡೋಣ?

ಊರಲ್ಲಿ ಗ್ರಂಥಾಲಯವೇ ಇಲ್ಲವೇ? ಊರಿಗೆ ಬೆಳಕಾದ ಒಬ್ಬ ಮಾಸ್ತರರ, ಒಬ್ಬ ಯಕ್ಷಗಾನ ಕಲಾವಿದರ ಹೆಸರಿಡಿ. ಒಂದು ಕೋಣೆ, ಎರಡು ಬೆಂಚು, ನೂರು ಪುಸ್ತಕ ಸಾಕು. ಸಂಜೆ ಹೊತ್ತು ಬಾಗಿಲು ತೆರೆಯುವ ಒಬ್ಬ ನಿಷ್ಠಾವಂತ ಬೇಕು.

ಬಂಧುಗಳೇ, ಘೋಷಣೆ ಕೂಗಿದ ಗಂಟಲು ಸಂಜೆಗೆ ಒಣಗುತ್ತದೆ. ಓದಿದ ಮಗು ಮಾತ್ರ ಕನ್ನಡವನ್ನು ಮುಂದಿನ ತಲೆಮಾರಿಗೆ ದಾಟಿಸುತ್ತದೆ. ಪೈಗಳ ಹೆಸರು ಉಳಿಯಬೇಕೆ? ಇಂದು ರಾತ್ರಿ ಮಲಗುವ ಮುನ್ನ ಒಂದು ಕನ್ನಡ ಪುಸ್ತಕ ತೆರೆಯಿರಿ.

ಸಿರಿಗನ್ನಡಂ ಗೆಲ್ಗೆ!