ಬೈದದ್ದೇ, ತಿದ್ದಿದ್ದೇ?



ಇಂಗ್ಲಿಷಿನಲ್ಲಿ ತಪ್ಪು ಎತ್ತಿ ತೋರಿಸುವ ಪದಗಳು ಹಲವು. ನಾವು ಎಲ್ಲಕ್ಕೂ ‘ಬೈದರು’ ಎಂದೇ ಅರ್ಥ ಮಾಡುತ್ತೇವೆ. ‘ಸ್ಕೋಲ್ಡ್’ ಎಂದರೆ ಮನೆಯಲ್ಲಿ ಅವ್ವ ಗದರಿದಂತೆ. ‘ರೆಪ್ರಿಮ್ಯಾಂಡ್’ ಮೇಲಧಿಕಾರಿ ಹಾಕುವ ಛೀಮಾರಿ. ‘ಸೆನ್ಷರ್’ ಎಂದರೆ ವಾಗ್ದಂಡನೆ. ಸರ್ಕಾರಿ ಸೇವಾ ನಿಯಮಗಳಲ್ಲೇ ಇರುವ ಲಘು ಶಿಕ್ಷೆ. ‘ಬ್ಲೇಮ್’ ಹೊಣೆಯನ್ನು ಒಬ್ಬರ ತಲೆಗೆ ಕಟ್ಟುತ್ತದೆ. ‘ಕ್ರಿಟಿಸೈಜ್’ನಲ್ಲಿ ಗುಣದೋಷ ತೂಗಿ ನೋಡುವ ಅರ್ಥವೂ ಇದೆ.

ಸಾಫ್ಟ್‌ವೇರಿನವರು ಬಳಸುವ ‘ಗಿಟ್’ನಲ್ಲಿ ‘ಬ್ಲೇಮ್’ ಎಂಬ ಆದೇಶವೇ ಇದೆ. ಯಾವ ಸಾಲನ್ನು ಕೊನೆಗೆ ಯಾರು ಬದಲಿಸಿದರೆಂದು ಅದು ತೋರಿಸುತ್ತದೆ. ತಪ್ಪು ಅವರದೇ ಎನ್ನುವುದಿಲ್ಲ.

ಮಕ್ಕಳೇ, ನಾಳೆ ಕೆಲಸದಲ್ಲಿ ಯಾರಾದರೂ ನಿಮ್ಮ ಕೆಲಸವನ್ನು ವಿಮರ್ಶಿಸಿದರೆ, ಬೈದರೆಂದು ಕುಗ್ಗಿ ಬಾಯಿ ಮುಚ್ಚಬೇಡಿ. ‘ಎಲ್ಲಿ ತಿದ್ದಬೇಕು?’ ಎಂದು ಕೇಳಿ. ಇಲ್ಲಿ ನಮ್ಮ ಕಾಪಿಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿದ ಗುರುಗಳು ಕಲಿಸಿದ್ದೂ ಅದನ್ನೇ.