ಇಪ್ಪತ್ತು ನಿಮಿಷದಲ್ಲಿ ನನ್ನ ಮುಖ

ಇವತ್ತು ರಾಜಕೀಯ ಬೇಡ. ಆರೋಪ, ಪ್ರತ್ಯಾರೋಪ, ರಾಜೀನಾಮೆ ಎಲ್ಲಾ ನಾಳೆಗೂ ಇರುತ್ತೆ, ಎಲ್ಲಿಗೂ ಓಡಿಹೋಗಲ್ಲ. ಇವತ್ತು ಒಂದು ಮುಖದ ಬಗ್ಗೆ ಮಾತಾಡ್ತೀನಿ. ನನ್ನದೇ ಮುಖ.

ಕಳೆದ ಭಾನುವಾರ ಒಂದು ಶಾಲೆಯ ಚಿತ್ರಕಲಾ ಸ್ಪರ್ಧೆಗೆ ಮುಖ್ಯ ಅತಿಥಿಯಾಗಿ ಹೋಗಿದ್ದೆ. ದೀಪ ಹಚ್ಚೋದು, ನಾಲ್ಕು ಮಾತಾಡೋದು, ಬಹುಮಾನ ಕೊಟ್ಟು ಬರೋದು, ಅಷ್ಟೇ ಅಂದುಕೊಂಡಿದ್ದೆ. ಆದರೆ ಅಲ್ಲಿನ ಡ್ರಾಯಿಂಗ್ ಮೇಷ್ಟ್ರು ಬಿಡಬೇಕಲ್ಲ! ಮಕ್ಕಳ ಸಾಲಿನಲ್ಲೇ ನನ್ನನ್ನೂ ಕೂರಿಸಿದರು. ಒಂದು ಡ್ರಾಯಿಂಗ್ ಶೀಟು, ವಾಟರ್ ಕಲರ್ ಡಬ್ಬಿ, ಎರಡು ಬ್ರಷ್ಷು, ಎದುರಿಗೊಂದು ಕನ್ನಡಿ. "ಸರ್, ಕನ್ನಡಿ ನೋಡಿ ನಿಮ್ಮ ಮುಖ ನೀವೇ ಬರೀಬೇಕು. ಇಪ್ಪತ್ತೇ ನಿಮಿಷ" ಅಂದರು.

ನನಗೇನು ಭಯ? ದಿನಾ ಮೇಕಪ್ ರೂಮಿನಲ್ಲಿ ಅರ್ಧ ಗಂಟೆ ನೋಡಿಕೊಳ್ಳೋ ಮುಖ. ಬೆಂಗಳೂರಿನಲ್ಲಿ ಚಿತ್ರಸಂತೆಗೆ ಹೋದವರು ನೋಡಿರ್ತೀರಿ, ಕುಮಾರಕೃಪಾ ರಸ್ತೆಯಲ್ಲಿ ಕಲಾವಿದರು ಎದುರಿಗೆ ಕೂತವರನ್ನ ಸ್ವಲ್ಪ ಹೊತ್ತಿನಲ್ಲೇ ಕಾಗದದ ಮೇಲೆ ಇಳಿಸಿಬಿಡ್ತಾರೆ. ನಾನು ಸುಮಾರಾಗಿಯಾದರೂ ಬರೀತೀನಿ ಅಂದುಕೊಂಡೆ.

ಎಲ್ಲಿಂದ ಶುರು ಮಾಡಿದೆ ಗೊತ್ತಾ? ಮೀಸೆಯಿಂದ. ಒಂದೊಂದೇ ಕೂದಲು ಎಳೀತಾ ಕೂತೆ. ಆಮೇಲೆ ಬಾಯಿ. ಆಮೇಲೆ ಕಣ್ಣು. ಅಷ್ಟರಲ್ಲಿ ಹನ್ನೆರಡು ನಿಮಿಷ ಕಳೆದಿತ್ತು. ಮೀಸೆಯ ಕಪ್ಪು ಇನ್ನೂ ಒಣಗಿರಲಿಲ್ಲ. ಪಕ್ಕದಲ್ಲಿ ಕೆನ್ನೆಗೆ ಬಣ್ಣ ಹಚ್ಚಿದೆ ನೋಡಿ, ಕಪ್ಪೆಲ್ಲಾ ಹರಿದು ಗದ್ದಕ್ಕೆ ಬಂತು. ಮೇಷ್ಟ್ರು ನಕ್ಕರು. "ಸರ್, ಕಣ್ಣು ತಲೆಯ ಸರಿ ಅರ್ಧಕ್ಕೆ ಬರುತ್ತೆ. ನೀವು ಹಣೆಗೆ ಹತ್ತಿಸಿಬಿಟ್ಟಿದ್ದೀರಿ" ಅಂದರು. ಹೊಸದಾಗಿ ಬರೆಯುವವರೆಲ್ಲಾ ಸಾಮಾನ್ಯವಾಗಿ ಮಾಡೋ ತಪ್ಪಂತೆ ಇದು. ಯಾಕಂದ್ರೆ ಕನ್ನಡಿಯಲ್ಲಿ ಕಂಡದ್ದನ್ನ ಬರೆಯಲ್ಲ, ತಲೆಯಲ್ಲಿ ಇರೋದನ್ನ ಬರೀತೀವಿ.

ನನ್ನ ಪಕ್ಕದಲ್ಲಿ ಏಳನೇ ಕ್ಲಾಸಿನ ಹುಡುಗಿ. ಆಕೆ ಮೊದಲ ಎರಡು ನಿಮಿಷ ಬ್ರಷ್ಷನ್ನೇ ಮುಟ್ಟಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ಕನ್ನಡಿ ನೋಡಿದಳು, ಹಾಗೆ ನೋಡಿದರೆ ಸಣ್ಣಪುಟ್ಟದ್ದೆಲ್ಲಾ ಮಸುಕಾಗಿ ಬೆಳಕು, ನೆರಳು ಮಾತ್ರ ಉಳಿಯುತ್ತೆ. ಆಮೇಲೆ ದಪ್ಪ ಬ್ರಷ್ಷಿನಲ್ಲಿ ಇಡೀ ಮುಖಕ್ಕೆ ತೆಳುವಾಗಿ ಕಂದು ನೀರು ಎಳೆದಳು. ಅದು ಒಣಗುವವರೆಗೆ ಜಡೆ ಬರೆದಳು, ಒಣಗಿದ ಮೇಲೆ ನೆರಳು ಹಾಕಿದಳು. ಕಣ್ಣು, ಮೂಗು ಕೊನೆಯ ಐದು ನಿಮಿಷಕ್ಕೆ. ಗಂಟೆ ಹೊಡೆಯಿತು. ಅವಳ ಶೀಟಿನಲ್ಲಿ ಅವಳಿದ್ದಳು, ಮುರಿದ ಮುಂದಿನ ಹಲ್ಲು ಸಮೇತ.

ಆಮೇಲೆ ನನ್ನ ಶೀಟಿಗೆ ಇಣುಕಿ ನೋಡಿ ಜೋರಾಗಿ ಹೇಳಿದಳು: "ಸಾರ್, ನಿಮ್ಗೆ ಕಿವೀನೇ ಇಲ್ಲ!"

ಇಡೀ ಸಭೆ ನಕ್ಕಿತು. ನಾನೂ ನಕ್ಕೆ. ಕಾರಿನಲ್ಲಿ ವಾಪಸ್ ಬರುವಾಗ ನಗು ಬರಲಿಲ್ಲ.

ಕಿವಿ ಅಂದಕೂಡಲೇ ವ್ಯಾನ್ ಗೋ ನೆನಪಾಗ್ತಾನೆ. ಮಾಡೆಲ್‌ಗಳಿಗೆ ಕೊಡೋಕೆ ದುಡ್ಡಿಲ್ಲ ಅಂತ ಕನ್ನಡಿ ಇಟ್ಟುಕೊಂಡು ತನ್ನನ್ನೇ ಬರೆದುಕೊಂಡವನು. ಅವನ ಸ್ವಚಿತ್ರಗಳು ಸುಮಾರು 35 ಇವೆ. 1888ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ ತನ್ನ ಎಡಗಿವಿಯನ್ನ ತಾನೇ ಕುಯ್ದುಕೊಂಡ. ಮರುತಿಂಗಳು, ಕಿವಿಗೆ ಬ್ಯಾಂಡೇಜ್ ಇರುವಾಗಲೇ ಮತ್ತೆ ಕನ್ನಡಿ ಮುಂದೆ ನಿಂತು ಬರೆದುಕೊಂಡ. ಆ ಚಿತ್ರ ಲಂಡನ್ನಿನ ಕೋರ್ಟಾಲ್ಡ್ ಗ್ಯಾಲರಿಯಲ್ಲಿದೆ. ನೋಡಿದರೆ ಬ್ಯಾಂಡೇಜ್ ಇರೋದು ಬಲಗಿವಿಗೆ! ಅವನೇನು ಸುಳ್ಳು ಬರೆಯಲಿಲ್ಲ. ಕನ್ನಡಿ ಎಡವನ್ನ ಬಲ ಮಾಡಿತ್ತು. ನೋಡುವವರಿಗೆ ನಡುವೆ ಒಂದು ಕನ್ನಡಿ ಇತ್ತು ಅನ್ನೋದು ಗೊತ್ತಿರಬೇಕು, ಅಷ್ಟೇ.

ನಿಮಗೂ ನಮಗೂ ನಡುವೆ ಒಂದು ಕ್ಯಾಮೆರಾ ಇದೆ, ವೀಕ್ಷಕರೇ. ದಿನಾ ರಾತ್ರಿ ನಾವೂ ಚಿತ್ರ ಬರೀತೀವಿ, ಬೇರೆಯವರ ಮುಖದ್ದು. ಒಬ್ಬ ಅಧಿಕಾರಿ, ಒಬ್ಬ ಆರೋಪಿ, ಒಂದು ಊರು. ಅರ್ಧ ಗಂಟೆಯಲ್ಲಿ ಮುಗಿಸಬೇಕು, ಮಧ್ಯೆ ಎರಡು ಬ್ರೇಕ್. ಎಲ್ಲಿಂದ ಶುರು ಮಾಡ್ತೀವಿ? ಮೀಸೆಯಿಂದ.

ಹೋದ ತಿಂಗಳು ಒಬ್ಬ ರೈತರು ಫೋನ್ ಲೈನಿನಲ್ಲಿದ್ದರು. ಮೆಕ್ಕೆಜೋಳ ಮಾರಿ ತಿಂಗಳುಗಟ್ಟಲೆ ಆದರೂ ವ್ಯಾಪಾರಿ ದುಡ್ಡು ಕೊಟ್ಟಿಲ್ಲ ಅನ್ನೋ ಸಂಕಟ. "ಒಂದೇ ವಾಕ್ಯದಲ್ಲಿ ಹೇಳಿ" ಅಂದೆ. "ಒಂದ್ ವಾಕ್ಯದಾಗ ಹೆಂಗ್ ಹೇಳ್ಲಿ ಸರ್?" ಅಂದರು. ನಾನು ಬ್ರೇಕ್ ತಗೊಂಡೆ. ಬ್ರೇಕ್ ಆದ ಮೇಲೆ ಸ್ಟುಡಿಯೋದಲ್ಲಿ ಇಬ್ಬರು ನಾಯಕರ ಜಗಳ ಚೆನ್ನಾಗಿ ಕಾವೇರಿತ್ತು. ಆ ಲೈನಿಗೆ ನಾನು ವಾಪಸ್ ಹೋಗಲೇ ಇಲ್ಲ.

ಸಮಯ ಇರಲಿಲ್ಲ ಅಂತ ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆದರೆ ಆ ಹುಡುಗಿಗೂ ಇದ್ದದ್ದು ಇಪ್ಪತ್ತೇ ನಿಮಿಷ. ನಾನು ಹನ್ನೆರಡು ನಿಮಿಷ ಮೀಸೆಗೂ ಬಾಯಿಗೂ ಖರ್ಚು ಮಾಡಿದೆ. ಕಿವಿಗೆ ಉಳಿಯಲಿಲ್ಲ.

ಸೋಮವಾರ ಬೆಳಗ್ಗೆ ಆ ನಂಬರ್ ಹುಡುಕಿಸಿ ಫೋನ್ ಮಾಡಿದೆ. ಹದಿನೇಳು ನಿಮಿಷ ಮಾತಾಡಿದರು. ನಾನು ಬರೀ ಹೂಂ ಅಂದೆ. ಅವರ ದುಡ್ಡು ಇನ್ನೂ ಬಂದಿಲ್ಲ. ನಾಳೆ ಇದೇ ಹೊತ್ತಿಗೆ ಅವರು ಇದೇ ಸ್ಟುಡಿಯೋದಲ್ಲಿ ಕೂತಿರ್ತಾರೆ, ಮೊದಲ ಮಾತು ಅವರದು.

ಆ ಶೀಟನ್ನ ಮೇಕಪ್ ರೂಮಿನ ಕನ್ನಡಿಗೆ ಅಂಟಿಸಿದ್ದೀನಿ. ನಿಮ್ಮ ಮನೆಯಲ್ಲೂ ಒಂದು ಕನ್ನಡಿ, ಮಕ್ಕಳ ಬಣ್ಣದ ಡಬ್ಬಿ ಇದ್ದೇ ಇರುತ್ತೆ. ಟೀವಿ ಆಫ್ ಮಾಡಿ, ಇಪ್ಪತ್ತು ನಿಮಿಷ ಕೂತು ನೋಡಿ. ಏನು ಬಿಟ್ಟುಹೋಗುತ್ತೆ ಅಂತ ನಿಮಗೇ ಗೊತ್ತಾಗುತ್ತೆ.

ನಾಳೆ ಸಿಗೋಣ.