ಜಲಪಾತದ ನೆತ್ತಿಯ ಮರಗಳು



ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ರಿಕೆಟ್ಸ್ ಗ್ಲೆನ್ ಎಂಬ ಸರ್ಕಾರಿ ಗಿರಿವನವಿದೆ. ಅದರ ಕಮರಿಗಳಲ್ಲಿ ಹೆಸರುಳ್ಳ ಜಲಪಾತಗಳೇ 22. ಎಲ್ಲಕ್ಕೂ ಎತ್ತರದ ಗನೋಗಾ 94 ಅಡಿ. ಜೋಗವನ್ನು ಕಂಡ ನಮಗೆ ಇದೇನು ಮಹಾ ಎನ್ನುವಿರಿ, ಸರಿಯೇ. ಅಲ್ಲಿಗೆ ಹೋದವರು ಕತ್ತೆತ್ತಿ ನೋಡಬೇಕಾದುದು ಮರಗಳನ್ನು.

ಆ ನೆಲದ ಒಡೆಯ ಬ್ರೂಸ್ ರಿಕೆಟ್ಸ್. 1890ರಿಂದ 1913ರವರೆಗೆ ಆತನ ಬೆಟ್ಟಗಳ ಕಾಡೆಲ್ಲ ಗರಗಸಕ್ಕೆ ಬಿದ್ದಿತು. ಜಲಪಾತಗಳ ಕಮರಿಯನ್ನು ಮಾತ್ರ ಆತ ಮುಟ್ಟಗೊಡಲಿಲ್ಲ. ಅಲ್ಲಿ ಕಾಲುದಾರಿ ಕಡಿಸಿದ. ಅವನನ್ನು ಹೊಗಳಬೇಕೋ ತೆಗಳಬೇಕೋ ನಾನರಿಯೆ. 1942ರಲ್ಲಿ ರಾಜ್ಯ ಸರ್ಕಾರ ಆ ಕಮರಿಯನ್ನು ಕೊಂಡಿತು. ಶತಮಾನಗಳಷ್ಟು ಹಳೆಯ ಹೆಮ್ಲಾಕ್ ಮರಗಳು ಇಂದಿಗೂ ಅಲ್ಲಿವೆ. ಸೂಜಿಯೆಲೆಯ ಆ ದಟ್ಟ ನೆರಳಿನಿಂದಲೇ ಬೇಸಿಗೆಯಲ್ಲೂ ತೊರೆ ತಣ್ಣಗಿರುತ್ತದೆ. ತಣ್ಣೀರಿನಲ್ಲಷ್ಟೇ ಬದುಕುವ ಟ್ರೌಟ್ ಮೀನಿಗೆ ಅದೇ ಆಸರೆ.

ಈಗ ಕಂಟಕ ಕೊಡಲಿಯದಲ್ಲ. ಜಪಾನಿನಿಂದ ಬಂದ, ನಮ್ಮ ಕಾಫಿ ಗಿಡದ ಹಿಟ್ಟುತಿಗಣೆಯಂತೆ ಬಿಳಿ ಉಣ್ಣೆ ಹೊದ್ದ ಕಿರುಕೀಟವೊಂದು ಆ ರಾಜ್ಯದ ಹೆಮ್ಲಾಕ್‌ಗಳ ರಸ ಹೀರುತ್ತಿದೆ. ಔಷಧವನ್ನು ಒಂದೊಂದೇ ಮರಕ್ಕೆ ಕೊಡಬೇಕು. ಸಾಮಾನ್ಯವಾಗಿ ಅದನ್ನು ಬುಡದ ಮಣ್ಣಿಗೆ ಉಣಿಸುವುದುಂಟು. ತೊರೆಯಂಚಿನ ಮರಗಳಿಗಾದರೆ ಹಾಗೆ ಮಾಡುವಂತಿಲ್ಲ, ನೀರಿಗೆ ವಿಷ ಸೇರೀತು, ಕಾಂಡಕ್ಕೇ ಕೊಡಬೇಕು.